ಪಾಳಿಗೆ ಬಿದ್ದ ಬಿ.ಪಿ. ಮಿಷಿನ್ನು

ನಿರ್ಣಾ ಹಳ್ಳಿಯ ಸೂಗಮ್ಮ ಹುಟ್ಟಿದಾಗಿನಿಂದ ಒಬ್ಬಳೇ ಏನನ್ನೂ ಉಂಡವಳಲ್ಲ. ಎಮ್ಮೆ ಈದರೆ ಗಿಣ್ಣು ಮೊದಲು ಓಣಿಗೆ, ಆಮೇಲೆ ಮನೆಗೆ. ಅಂಥವಳನ್ನು ಮೆಡಿಕಲ್ ಕಾಲೇಜಿನ ಡಾಕ್ಟರ್ ಪೂನಂ ರಕ್ತದೊತ್ತಡದ ಸಂಶೋಧನೆಗೆ ಆರಿಸಿಕೊಂಡರು. ಹುಮನಾಬಾದಿನ ಶಿಬಿರದಲ್ಲಿ ಅವಳ ತೋಳಿಗೆ ಪಟ್ಟಿ ಸುತ್ತಿ, ಅರ್ಧ ಗಂಟೆಗೊಮ್ಮೆ ತಾನೇ ಉಬ್ಬಿ ಬಿ.ಪಿ. ಬರೆದುಕೊಳ್ಳುವ ಪುಟ್ಟ ಮಿಷಿನ್ನನ್ನು ಒಂದು ದಿನಕ್ಕೆಂದು ಕಟ್ಟಿ ಕಳಿಸಿದರು.

ಮರುದಿನ ಸೂಗಮ್ಮ ಮಿಷಿನ್ನು ತಂದುಕೊಟ್ಟಾಗ ಅದರ ಅಂಕಿಗಳನ್ನು ಕಂಪ್ಯೂಟರಿನಲ್ಲಿ ನೋಡಿದ ಪೂನಂ ದಂಗಾದರು.

"ಅವ್ವಾ, ಹತ್ತಕ್ಕ ನೂರಾ ಹತ್ತು, ಹತ್ತೂವರಿಗೆ ನೂರಾ ತೊಂಬತ್ತು! ಇದು ಹ್ಯಾಂಗ್ರಿ?"

"ಹತ್ತರದು ನಂದ್ರಿ. ಹತ್ತೂವರಿದು ಬಾಜೂ ಮನಿ ಜಿಜಾಬಾಯಿದು," ಸೂಗಮ್ಮ ಹಿಗ್ಗಿ ಹೀರೇಕಾಯಿಯಾದಳು. "ಇಂಥಾ ಸಾಮಾನು ನಾ ಒಬ್ಬಾಕಿನೇ ಹ್ಯಾಂಗ ಕಟ್ಕೊಂಡು ಕೂಡ್ಲಿರಿ? ಹನ್ನೊಂದು ಮಂದಿಗೆ ಪಾಳಿ ಹಚ್ಚಿದ್ದೆ. ಪಟ್ಟಿ ಉಬ್ಬಿದಾಗೊಮ್ಮೆ ಬಿದ್ದುಬಿದ್ದು ನಕ್ಕೇವ್ರಿ!"

ಪೂನಂ ಹಣೆ ಬಡಿದುಕೊಂಡರು. ಬೈಯಲು ಬಾಯಿ ತೆರೆದರೆ ನಗುವೇ ಬಂತು. ನಕ್ಕು ನಕ್ಕು ಕಣ್ಣೊರೆಸಿಕೊಂಡ ಮೇಲೆ ಮತ್ತೆ ಆ ನೂರಾ ತೊಂಬತ್ತರ ಮೇಲೆ ಬೆರಳಿಟ್ಟರು.

"ಜಿಜಾಬಾಯೀನ ಇವತ್ತೇ ಕರಕೊಂಡು ಬರ್ರಿ. ಆಕಿಗೆ ಗುಳಿಗಿ ಚಾಲೂ ಮಾಡಬೇಕಾಗ್ತದ."

"ಕರಕೊಂಡು ಬರ್ತೀನ್ರಿ," ಸೂಗಮ್ಮ ಸೆರಗು ಸರಿಪಡಿಸಿಕೊಂಡು ಎದ್ದಳು. "ಆದ್ರ ಗುಳಿಗಿ ಹನ್ನೊಂದು ಮಂದಿಗೂ ಸಾಲೋವಷ್ಟು ಕೊಡ್ರಿ, ಡಾಕ್ಟರವ್ವಾ."