ಸಾಹೇಬರ ನೇರಳೆ ಭತ್ತ

ಅಕ್ಕಿ ಕೊಳ್ಳುವಾಗ ನಾನು ತುಸು ಹೆಚ್ಚೇ ಮಾತಾಡುತ್ತೇನೆ. ಇಡೀ ನೌಕರಿಯನ್ನು ಭತ್ತದ ಹೊಲಗಳಲ್ಲಿ ಸವೆಸಿದವನು ಬೇರೆ ಯಾವ ಅಂಗಡಿಯಲ್ಲಿ ಗತ್ತು ತೋರಿಸಬೇಕು, ನೀವೇ ಹೇಳಿ. ಹೋದ ವಾರ ಕಲಬುರಗಿಯ ಮೋಮಿನಪುರದ ತಿರುವಿನಲ್ಲಿರುವ ಇಸ್ಮಾಯಿಲನ ಅಂಗಡಿಗೆ ಹೋಗಿದ್ದೆ. ಅವನು ಚೀಲದೊಳಗೆ ಕೈಯಿಟ್ಟು ಒಂದು ಹಿಡಿ ತೆಗೆದು ತೋರಿಸಿದ. ಬಿಳಿ ಕಾಳುಗಳ ನಡುವೆ ಮೂರೋ ನಾಲ್ಕೋ ಕೆಂಪು ಕಾಳು.

“ಕಲಬೆರಕಿ ಅಲ್ರೀ ಸರ್, ಬೇಕಂದ್ರ ಆರಿಸಿ ಕೊಡ್ತೀನಿ,” ಎಂದ, ನಾನು ಕೇಳುವ ಮೊದಲೇ.

“ನನಗ ಗೊತ್ತದ ತಮ್ಮಾ. ಇದು ಗಾಳಿ ಮಾಡಿದ ಕೆಲಸ,” ಎಂದು ನಾನು ಸ್ಟೂಲಿನ ಮೇಲೆ ಕೂತೇಬಿಟ್ಟೆ.

ಕೂತು ಹೇಳಿದ್ದು ನನ್ನ ಕಾಯಂ ಕಥೆ. ನಿಜಾಮರ ರಾಜ್ಯ ಮುಳುಗುವ ಹೊತ್ತಿನಲ್ಲಿ ಕಮಲಾಪುರದ ಹೊಲದಲ್ಲಿ ನಾನು ಬೀಜ ಕಾಪಾಡಿದ ಕಥೆ. ಇದು ಶುರುವಾದರೆ ನನ್ನ ಹೆಂಡತಿ ಎದ್ದು ಅಡುಗೆಮನೆಗೆ ಹೋಗುತ್ತಾಳೆ. ಇಸ್ಮಾಯಿಲ ಮಾತ್ರ ತಕ್ಕಡಿ ಬದಿಗಿಟ್ಟು ಪೂರ್ತಿ ಕೇಳಿದ. ಕೇಳಿ ನಕ್ಕ.

“ನಮ್ಮೂರಿಂದೇ ಸುದ್ದಿ ಹೇಳಾಕತ್ತೀರಿ ಸರ್. ಆ ಶರಣಮ್ಮಾಯಿ ಇನ್ನೂ ಅದಾಳ್ರೀ. ಕಣ್ಣು ಮಂಜಾಗ್ಯಾವ, ಮಾತು ಮಾತ್ರ ಚುರುಕದ.”

ನಾನು ಸ್ಟೂಲಿನಿಂದ ಎದ್ದೆ. ನನ್ನ ಕಥೆಯಲ್ಲಿ ಶರಣಮ್ಮ ಕಳೆ ಕೀಳುವ ಕೂಲಿಯವಳು. ಒಂದು ಸಾಲಿನಲ್ಲಿ ಬಂದು ಹೋಗಿಬಿಡುತ್ತಾಳೆ. ನಿಜವಾಗಿ ನಡೆದದ್ದು ಬೇರೆ. ಅದನ್ನು ಈಗ ನಿಮಗೆ ಹೇಳುತ್ತೇನೆ.

ಹಬೀಬ್ ಸಾಹೇಬರು ಹೈದರಾಬಾದ್ ಸಂಸ್ಥಾನದ ಕೃಷಿ ಇಲಾಖೆಯಲ್ಲಿ ಸಸ್ಯವಿಜ್ಞಾನಿ. ಎತ್ತರದ ತೆಳ್ಳನೆಯ ಆಳು. ಶೇರ್ವಾನಿಯ ಜೇಬಿನಲ್ಲಿ ಸದಾ ಒಂದು ಚಿಮಟ, ಒಂದು ಭೂತಗನ್ನಡಿ. ಮೋಮಿನಪುರದ ಮನೆಯಲ್ಲಿ ದಖನಿ ಉರ್ದು ಮಾತಾಡುತ್ತಿದ್ದರು, ಹೊಲಕ್ಕೆ ಬಂದರೆ ಕನ್ನಡ. ನಾನು ಅವರ ಸಹಾಯಕ. ಆಗಷ್ಟೇ ಮದುವೆಯಾಗಿತ್ತು, ಆಗಷ್ಟೇ ಪದವಿ ಸಿಕ್ಕಿತ್ತು, ಎರಡರ ಬಗ್ಗೆಯೂ ಬೇಕಾದ್ದಕ್ಕಿಂತ ಹೆಚ್ಚು ಹೆಮ್ಮೆಯಿತ್ತು.

ಕಲಬುರಗಿ ಎಂದರೆ ಜೋಳ, ತೊಗರಿ. ಭತ್ತ ನಮಗೆ ಪರವೂರಿನ ನೆಂಟ. ಆದರೂ ಕಮಲಾಪುರದ ಕೆರೆಯ ಕೆಳಗೆ ಒಂದಷ್ಟು ಗದ್ದೆಗಳಿದ್ದವು. ಅಲ್ಲಿನವರದು ಒಂದೇ ದೂರು: ಬಿತ್ತಿದ್ದು ಬಿಳಿ ಅಕ್ಕಿಯ ಭತ್ತ, ವರ್ಷ ಕಳೆದಂತೆ ಕಾಳು ಕೆಂಪಾಗುತ್ತದೆ, ತೆನೆ ಮಾಗುವ ಮೊದಲೇ ಉದುರುತ್ತದೆ. ಇಲಾಖೆಯ ಬೀಜವೇ ಕಲಬೆರಕೆ ಎಂದು ರೈತರು ಬೈಯುತ್ತಿದ್ದರು. ರೈತರೇ ಕೊಳಕು ಮಾಡುತ್ತಾರೆ ಎಂದು ಇಲಾಖೆ. ಸಾಹೇಬರು ಮಾತ್ರ ಕೆರೆಯ ಅಂಚಿನಲ್ಲಿ ತಾನಾಗಿ ಬೆಳೆದ ಕಾಡುಭತ್ತವನ್ನು ತೋರಿಸುತ್ತಿದ್ದರು. ಅದರ ಪರಾಗ ಗಾಳಿಯಲ್ಲಿ ತೇಲಿ ಊರ ಭತ್ತಕ್ಕೆ ಸೇರುತ್ತದೆ, ಅದರ ವಂಶಗುಣವೂ ಜೊತೆಗೆ ಬರುತ್ತದೆ ಎಂಬುದು ಅವರ ವಾದ. ಭತ್ತದ ಹೂವು ತನ್ನ ಪರಾಗದಿಂದಲೇ ಕಾಳು ಕಟ್ಟುತ್ತದೆ, ಹೊರಗಿನದಕ್ಕೆ ಎಲ್ಲಿಯ ಜಾಗ ಎಂದು ಮೇಲಧಿಕಾರಿಗಳು ನಗುತ್ತಿದ್ದರು. ಅವರ ಎದುರಿಗೆ ನಾನೂ ಸಣ್ಣದಾಗಿ ನಗುತ್ತಿದ್ದೆ.

“ಹವಾ ಹೊಲದ ಲೆಕ್ಕ ಬರಿಯೂ ಪಟವಾರಿನ ಕೇಳಿ ಬದು ದಾಟೂದಿಲ್ಲ ಭಾಯಿ,” ಎನ್ನುತ್ತಿದ್ದರು ಸಾಹೇಬರು. “ಎಷ್ಟು ದೂರ ದಾಟ್ತದ ಅಂತ ನಾವ ನೋಡೋಣು.”

ನೋಡಲು ಅವರು ಹೂಡಿದ ಉಪಾಯ ಸರಳವಾಗಿತ್ತು. ಹೊಲದ ನಡುವೆ ನೇರಳೆ ಎಲೆಯ ಒಂದು ತಳಿ ನೆಟ್ಟರು. ಅದರ ಸುತ್ತ ಬಳೆ ಬಳೆಯಾಗಿ ಐದು ಸುತ್ತು ಹಸಿರು ಭತ್ತ. ಹಸಿರು ಗಿಡದ ಕಾಳನ್ನು ಸುತ್ತಿನ ಪ್ರಕಾರ ಬೇರೆ ಬೇರೆ ಇಟ್ಟು ಮರುವರ್ಷ ಬಿತ್ತಬೇಕು. ಹಸಿರು ತಾಯಿಯ ಮಡಿಲಲ್ಲಿ ನೇರಳೆ ಸಸಿ ಹುಟ್ಟಿದರೆ, ನಡುವಿನ ಗಿಡದ ಪರಾಗ ಅಲ್ಲಿಯವರೆಗೆ ಹೋಗಿತ್ತು ಎಂದರ್ಥ. ಪ್ರತಿ ಸುತ್ತಿಗೂ ಗೂಟ ನೆಟ್ಟು, ಉರ್ದುವಿನಲ್ಲಿ ಬರೆದ ಚೀಟಿ ಕಟ್ಟಿದ್ದೆವು. ನಾಟಿ ಮಾಡಿದವಳು ಶರಣಮ್ಮ. ಕೆರೆಯ ಪಕ್ಕದ ಕೇರಿಯವಳು, ನನಗಿಂತ ನಾಲ್ಕೈದು ವರ್ಷ ದೊಡ್ಡವಳು, ಓದು ಬಾರದು.

ಭತ್ತ ಹೊಡೆಯಾಗಿ ತೆನೆಗೆ ಬರುವ ಹೊತ್ತಿಗೆ, 1948ರ ಸೆಪ್ಟೆಂಬರಿನಲ್ಲಿ, ಭಾರತದ ಸೈನ್ಯ ಬಂತು. ಪೊಲೀಸ್ ಕಾರ್ಯಾಚರಣೆ ಐದು ದಿನದಲ್ಲಿ ಮುಗಿಯಿತು. ಅಲ್ಲಿಯತನಕ ನಮ್ಮಂಥ ಹಿಂದೂಗಳಿಗೆ ನಿಜಾಮರ ಪರ ನಿಂತ ರಜಾಕಾರರ ಭಯವಿತ್ತು. ಈಗ ಸೇಡಿನ ಸರದಿ ಬಂದು, ಯಾರಿಗೂ ಕೇಡು ಬಯಸದ ಮುಸಲ್ಮಾನರೂ ಬಾಗಿಲು ಮುಚ್ಚಿ ಕೂರುವಂತಾಯಿತು. ಸಾಹೇಬರ ತಮ್ಮ ಹಳ್ಳಿಯಲ್ಲಿದ್ದ. ಅವನ ಸುದ್ದಿ ಬಹಳ ದಿನ ಬರಲಿಲ್ಲ. ಆಮೇಲೆ ಬಂದದ್ದು ಬರಬಾರದ ಸುದ್ದಿ.

ಸಾಹೇಬರು ನನ್ನನ್ನು ಮನೆಗೆ ಕರೆಸಿದರು. ಗಡ್ಡ ಬೆಳೆದಿತ್ತು.

“ಕಮಲಾಪುರಕ್ಕ ನಾ ಹೋಗೂ ಹಂಗಿಲ್ಲ. ನೀವು ಹೋಗ್ರಿ. ನಿಂತು ಕೊಯ್ಸ್ರಿ. ಒಂದು ಸುತ್ತಿನ ಕಾಳು ಇನ್ನೊಂದರಾಗ ಬಿತ್ತಂದ್ರ ಎಲ್ಲಾ ಮಣ್ಣಾತು.”

“ನನ್ನ ಮ್ಯಾಲ ಬಿಡ್ರಿ ಸಾಹೇಬ್ರ,” ಎಂದೆ, ಎದೆಯ ಮೇಲೆ ಕೈಯಿಟ್ಟು.

ಹೊರಟದ್ದೂ ನಿಜ. ಹುಮನಾಬಾದ ರಸ್ತೆಯಲ್ಲಿ ಒಂದಿಷ್ಟು ದೂರ ಹೋದೆ. ಹೊಲಗಳಾಚೆ ಒಂದು ಊರಿನ ಮೇಲೆ ಹೊಗೆ ಕಾಣಿಸಿತು. ಒಲೆಯ ಹೊಗೆ ಅಷ್ಟು ದಪ್ಪ ಇರುವುದಿಲ್ಲ. ನನ್ನ ಕಾಲುಗಳು ತಾವಾಗಿ ತಿರುಗಿದವು. ನೇರವಾಗಿ ತಾಜಸುಲ್ತಾನಪುರದ ಮಾವನ ಮನೆ ಸೇರಿದೆ. ಅಲ್ಲಿ ವಾರಗಟ್ಟಲೆ ಬಿಸಿ ರೊಟ್ಟಿ ತಿನ್ನುತ್ತ ಕೂತೆ. ಆ ರೊಟ್ಟಿ ಬಡಿದವಳೇ ನನ್ನ ಹೆಂಡತಿ. ಈಗ ಕಥೆ ಶುರುವಾದರೆ ಅವಳೇಕೆ ಎದ್ದು ಹೋಗುತ್ತಾಳೆ ಎಂದು ನಿಮಗೆ ತಿಳಿಯಿತಲ್ಲ. ನಡುವೆ ಒಮ್ಮೆ ಧೈರ್ಯ ಮಾಡಿ ಮೋಮಿನಪುರಕ್ಕೆ ಹೋಗಿ, “ಎಲ್ಲಾ ಛಲೋ ಅದರಿ, ಕೊಯ್ಲು ನಡದದ,” ಎಂದು ಹೇಳಿ ಬಂದೆ. ಸುಳ್ಳು ಹೇಳುವಾಗ ನನ್ನ ದನಿ ಎಷ್ಟು ಸ್ಥಿರವಾಗಿರುತ್ತದೆ ಎಂದು ನನಗೆ ಅವತ್ತೇ ಗೊತ್ತಾದದ್ದು.

ಚಳಿ ಬಿದ್ದ ಮೇಲೆ ದಾರಿ ಸುರಳೀತವಾಯಿತು. ಸಾಹೇಬರು ನನ್ನನ್ನು ಕರೆದುಕೊಂಡೇ ಕಮಲಾಪುರಕ್ಕೆ ಬಂದರು. ಹೊಲ ಬೋಳಾಗಿತ್ತು. ಗೂಟಗಳಿರಲಿಲ್ಲ, ಚೀಟಿಗಳಿರಲಿಲ್ಲ. ದನ ಮೇದಿವೆ, ಮುಗಿಯಿತು ಎಂದುಕೊಂಡೆ. ಏನು ಸುಳ್ಳು ಹೇಳಲಿ ಎಂದು ಹುಡುಕುತ್ತಿರುವಾಗ ಶರಣಮ್ಮ ಬದುವಿನ ಮೇಲೆ ನಡೆದು ಬಂದಳು.

“ಬರ್ರಿ ಸಾಹೇಬ್ರ, ಮನೀಗಿ ಬರ್ರಿ,” ಎಂದಳು.

ಅವಳ ಮನೆಯ ಜಂತಿಗೆ ಐದು ಬಟ್ಟೆಯ ಗಂಟು ತೂಗುತ್ತಿದ್ದವು. ಒಂದೊಂದರ ಬಾಯಿಗೂ ಒಂದು ಹುರಿ. ಮೊದಲನೆಯದಕ್ಕೆ ಒಂದು ಕುಣಿಕೆ, ಎರಡನೆಯದಕ್ಕೆ ಎರಡು, ಹೀಗೆ ಐದರವರೆಗೆ.

“ಚೀಟಿ ಮಳ್ಯಾಗ ತೊಯ್ದು ಅಕ್ಷರ ಅಳಿಸಿ ಹೋದ್ವು. ಹಚ್ಚಿದಾಕಿ ನಾನ ಅಲ್ಲೇನ್ರಿ, ನನಗ ಸುತ್ತು ಗೊತ್ತದ. ನಾನೂ ನಮ್ಮ ಮನ್ಯಾವರೂ ಸುತ್ತಿನ ಪ್ರಕಾರ ಕೊಯ್ದು, ಒಂದು ಬಡದು ಮುಗಿಸಿ, ಕಣ ಗುಡಿಸಿ, ಆಮ್ಯಾಲ ಇನ್ನೊಂದು ಬಡದೀವಿ. ಸಾಬರ ಹೊಲ ಅಂತ ದನ ಹೊಡಕೊಂಡು ಬಂದಿದ್ರು. ಈ ಹೊಲದಾಗ ನನ್ನ ಬೆವರದ, ಮೊದಲು ನನ್ನ ಮೈಮ್ಯಾಲ ದನ ಬಿಡ್ರಿ ಅಂದೆ. ತಿರುಗಿ ಹೋದ್ರು.”

ಸಾಹೇಬರು ಕುಣಿಕೆಗಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದರು. ನನ್ನ ಕಡೆ ತಿರುಗಿದರು.

“ನೀವ ಹೇಳಿಕೊಟ್ಟು ಮಾಡಿಸಿದ್ರೇನು, ಭಾಯಿ?”

ನಾನು ಹೌದೆಂದು ತಲೆಯಾಡಿಸಿದೆ.

ಅವರು ನನ್ನ ಎರಡೂ ಕೈ ಹಿಡಿದುಕೊಂಡರು. “ಊರು ಬಿಡಬೇಕಂತ ಸಾಮಾನು ಕಟ್ಟಿದ್ದೆ. ಮನೀಗಿ ಹೋಗಿ ಬಿಚ್ತೀನಿ. ನಿಮ್ಮಂಥವರು ಇದ್ದ ಮ್ಯಾಲ ಎಲ್ಲಿಗ್ಯಾಕ ಹೋಗ್ಲಿ?”

ಶರಣಮ್ಮ ನನ್ನನ್ನೇ ನೋಡುತ್ತಿದ್ದಳು. ಈಗ ಹೇಳಿಬಿಡುತ್ತಾಳೆ ಎಂದುಕೊಂಡೆ. ಅವಳು ಒಳಗೆ ಹೋಗಿ ಎರಡು ತಂಬಿಗೆ ನೀರು ತಂದಿಟ್ಟಳು. ಒಂದು ಸಾಹೇಬರಿಗೆ, ಒಂದು ನನಗೆ.

ಮರುಮಳೆಗಾಲದಲ್ಲಿ ಐದು ಮಡಿಗಳಲ್ಲಿ ಬಿತ್ತಿದೆವು. ಮೊದಲ ಮಡಿಯ ಹಸಿರಿನ ನಡುವೆ ಅಲ್ಲಲ್ಲಿ ನೇರಳೆ ಸಸಿಗಳು ತಲೆಯೆತ್ತಿದವು. ದೂರ ಹೋದಂತೆ ಕಡಿಮೆಯಾಗುತ್ತ ಬಂದು, ಐದನೆಯದರಲ್ಲಿ ಒಂದೇ ಒಂದು. ಸಾಹೇಬರು ಕೆಸರಿನಲ್ಲಿ ಮಂಡಿಯೂರಿ ಆ ಒಂದನ್ನು ಬಹಳ ಹೊತ್ತು ನೋಡಿದರು. ನಕ್ಕಿದ್ದ ಅಧಿಕಾರಿಗಳು ಆಮೇಲೆ ನಗಲಿಲ್ಲ. ಗದ್ದೆಯ ಅಂಚಿನ ಕಾಡುಭತ್ತವನ್ನು ಹೂ ಬಿಡುವ ಮೊದಲೇ ಕೀಳಬೇಕು ಎಂಬ ಅವರ ಮಾತನ್ನು ರೈತರು ಒಪ್ಪಿದರು, ಕೆಂಪು ಕಾಳು ತಗ್ಗಿತು. ವರದಿಯಲ್ಲಿ ಕೊಯ್ಲಿನ ಉಸ್ತುವಾರಿ ಎಂದು ನನ್ನ ಹೆಸರು ಬಂತು, ಅದರ ಹಿಂದೆಯೇ ಬಡ್ತಿಯೂ. ಸಾಹೇಬರು ಕಲಬುರಗಿಯಲ್ಲೇ ನಿವೃತ್ತರಾದರು, ಕಲಬುರಗಿಯ ಮಣ್ಣಿಗೇ ಸೇರಿದರು. ಕೊನೆಯತನಕ ನನ್ನನ್ನು ತಮ್ಮನೆಂದೇ ಕರೆದರು.

ಇಸ್ಮಾಯಿಲನ ಅಂಗಡಿಯಿಂದ ಬಂದ ಮರುದಿನ ಕಮಲಾಪುರದ ಬಸ್ಸು ಹತ್ತಿದೆ. ಶರಣಮ್ಮ ಕಟ್ಟೆಯ ಮೇಲೆ ಬಿಸಿಲಿಗೆ ಕೂತಿದ್ದಳು. ದನಿಯಿಂದಲೇ ಗುರುತು ಹಿಡಿದಳು. ಯಾವ ಪೀಠಿಕೆಯೂ ಇಲ್ಲದೆ ಕೇಳಿದೆ: “ಅವತ್ತು ಯಾಕ ಸುಮ್ಮನಾದಿ, ಶರಣಮ್ಮ?”

“ನಿಮ್ಮ ಸಲುವಾಗಿ ಅಂತ ತಿಳಕೊಂಡಿದ್ರೇನು?” ಎಂದು ನಕ್ಕಳು. “ತಮ್ಮನ್ನ ಕಳಕೊಂಡು ಬಂದಿದ್ರು ಆ ಮನುಷ್ಯಾ. ನೀವೂ ಕೈ ಬಿಟ್ಟಿದ್ರಿ ಅಂತ ನಾ ಹೆಂಗ ಹೇಳ್ಲಿ?”

“ಇದನ್ನೆಲ್ಲಾ ಬರೀತೀನಿ,” ಎಂದೆ.

“ಬರೀರಿ. ಸಾಹೇಬ್ರು ಈಗಿಲ್ಲ. ಖರೇ ಹೇಳಿದ್ರ ಯಾರಿಗೂ ನೋವಾಗೂದಿಲ್ಲ.”

“ನನಗ ಆಗ್ತದಲ್ಲ?”

“ಆಗ್ಲಿ ಬಿಡ್ರಿ,” ಎಂದಳು, “ಸ್ವಲ್ಪ.”

ಬರೆದಿದ್ದೇನೆ. ನೋವು ಸ್ವಲ್ಪವೇ ಆಯಿತು ಎಂದರೆ ಅದು ಇನ್ನೊಂದು ಸುಳ್ಳಾದೀತು.