ಗಲ್ಲಿಗೇರಿದವರ ಕೊನೆಮಾತು, ನಮ್ಮ ಮಾವನವರ ಪ್ರಕಾರ

ನಮ್ಮ ಮಾವನವರು ದೂರದ ಜೈಲೊಂದರಲ್ಲಿ ವಾರ್ಡರ್ ಆಗಿದ್ದು, ನಿವೃತ್ತರಾಗಿ ಹುತ್ತೂರಿಗೆ ಮರಳಿದವರು. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಆ ಮನೆಗೆ ಸೊಸೆಯಾಗಿ ಬಂದಾಗ ಅವರ ಬಳಿ ಪಿಂಚಣಿಯ ಜೊತೆಗೆ ಇನ್ನೊಂದು ಆಸ್ತಿಯಿತ್ತು: ಗಲ್ಲಿಗೇರಿದ ಕುಖ್ಯಾತ ಕಳ್ಳರ, ಕೊಲೆಗಾರರ ಕೊನೆಮಾತುಗಳು. ಹಗ್ಗದ ಪಕ್ಕದಲ್ಲೇ ನಿಂತು ಕಿವಿಯಾರೆ ಕೇಳಿದ್ದಂತೆ.

ಸುಳ್ಳೇಕೆ ಹೇಳಲಿ, ಅದರಿಂದ ನಮಗೆ ಲಾಭವೂ ಇತ್ತು. ನಮ್ಮದು ರೇಷ್ಮೆ ಸಾಕುವ ಮನೆ. ಹುಳು ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ನಿದ್ದೆ, ಮುಗಿಸಿ ಎದ್ದರೆ ಅದರ ಹಸಿವು ಹೇಳತೀರದು. ಅಷ್ಟೊಂದು ಹಿಪ್ಪುನೇರಳೆ ಸೊಪ್ಪನ್ನು ಮನೆಯವರೇ ಕಡ್ಡಿಯಿಂದ ಬಿಡಿಸಿ ಹಾಕುವುದು ಆಗದ ಮಾತು. ಬೇರೆಯವರು ಆಳು ಹುಡುಕಿಕೊಂಡು ಅಲೆಯುತ್ತಿದ್ದರು. ನಮ್ಮಲ್ಲಿ ಮಾವ ಜಗಲಿಯ ಮೇಲೆ ಕೂತು ಗಂಟಲು ಸರಿಮಾಡಿಕೊಂಡರೆ ಸಾಕು, ಅಕ್ಕಪಕ್ಕದ ಹೆಂಗಸರು ಕೆಲಸ ಬಿಟ್ಟು ಬಂದು ಹೊರೆಯ ಸುತ್ತ ಕೂರುತ್ತಿದ್ದರು. ಕತೆ ಮುಗಿಯುವಷ್ಟರಲ್ಲಿ ಕಡ್ಡಿಗಳೆಲ್ಲ ಬೋಳು. ಸೊಪ್ಪು ಇನ್ನೂ ಉಳಿದಿದ್ದರೆ, ಸಾಯಬೇಕಾದವನು ಇನ್ನೂ ಎರಡು ಮಾತು ಹೆಚ್ಚಿಗೆ ಆಡಿ ಸಾಯುತ್ತಿದ್ದ.

ಸಾಯುವವನು ಟೇಕಲ್ ಕಡೆಯವನಾದರೆ ಕೊನೆಮಾತು ಕನ್ನಡದಲ್ಲಿ, ಮುಳಬಾಗಿಲು ಕಡೆಯವನಾದರೆ ತೆಲುಗಿನಲ್ಲಿ. ಮಾವ ಅಷ್ಟರಮಟ್ಟಿಗೆ ನ್ಯಾಯವಂತರು. ಎಲ್ಲರೂ ಎದೆಯುಬ್ಬಿಸಿ ಮಾತಾಡಿದವರೇ, ಒಬ್ಬನಾದರೂ ನಡುಗಿದ್ದಿಲ್ಲ.

"ಮಾವ, ಹೋದ ಸಲ ಇವನು ನಕ್ಕೊಂಡು ಹೋದ ಅಂದಿದ್ರಿ. ಈಗ ಶಾಪ ಹಾಕ್ತಾ ಇದ್ದಾನಲ್ಲ" ಎಂದು ನಾನು ಕೆಣಕಿದರೆ, "ಎರಡೂ ಮಾಡ್ದ ಕಣಮ್ಮ. ಟೈಮ್ ಇತ್ತು" ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಬೈರಕೂರು ಕಡೆಯ ದಾರಿಗಳ್ಳನೊಬ್ಬನ ಸರದಿ ಬಂತು. ಮುಳಬಾಗಿಲು, ಶ್ರೀನಿವಾಸಪುರದ ರಸ್ತೆಗಳಲ್ಲಿ ಸಂಜೆಯಾದರೆ ಗಾಡಿ ಓಡಾಡದಂತೆ ಮಾಡಿದ್ದವನು, ಕೊಲೆ ಮಾಡಿ ಸಿಕ್ಕಿಬಿದ್ದವನು. ಮಾವನ ಕತೆಯಲ್ಲಿ ಅವನು ಮುಖದ ಮೇಲಿನ ಬಟ್ಟೆ ಕಿತ್ತೊಗೆದು, ಮತ್ತೆ ಹುಟ್ಟಿ ಬಂದು ಎಲ್ಲರನ್ನೂ ನೋಡಿಕೊಳ್ಳುತ್ತೇನೆಂದು ಗುಡುಗಿದ. ಕೈ ಕಟ್ಟಿದ್ದರೂ ಬಟ್ಟೆ ಹೇಗೆ ಕಿತ್ತನೆಂದು ಯಾರೂ ಕೇಳಲಿಲ್ಲ.

ಹೆಂಗಸರ ನಡುವೆ ಗುರುತಿಲ್ಲದವಳೊಬ್ಬಳು ಆಗಿನಿಂದ ತಲೆ ಬಗ್ಗಿಸಿ ಸೊಪ್ಪು ಬಿಡಿಸುತ್ತಿದ್ದಳು. ಯಾರದೋ ಮನೆಯ ನೆಂಟರಿರಬೇಕೆಂದು ನಾವು ಸುಮ್ಮನಿದ್ದೆವು. ಈಗ ಅವಳು ತಲೆಯೆತ್ತಿದಳು.

"ನಾನು ಅವನ ತಂಗಿ. ಕೋಲಾರದ ರೇಷ್ಮೆಗೂಡಿನ ಮಾರ್ಕೆಟ್ಟಲ್ಲಿ ನಿಮ್ಮ ವಿಷ್ಯ ಹೇಳಿದ್ರು. ಕಡೇಲಿ ನಮ್ಮೋರ್ಯಾರೂ ನೋಡಕ್ಕೆ ಹೋಗ್ಲಿಲ್ಲ, ನಮ್ಮಪ್ಪ ಬಿಡ್ಲಿಲ್ಲ. ನಿಜವಾಗ್ಲೂ ಏನಂದ, ಸ್ವಾಮಿ?"

ಮಾವನ ಮುಖ ನೋಡಿ ನನಗೆ ಪಾಪವೆನಿಸಿತು. ನಿಜ ಹೇಳಿದರೆ ಊರಲ್ಲಿ ಅವರ ಮರ್ಯಾದೆ ಮಣ್ಣುಪಾಲು. ಹೇಳದಿದ್ದರೆ ಈ ಹೆಂಗಸು ಆ ಗುಡುಗನ್ನೇ ಅಣ್ಣನ ಮಾತೆಂದು ಮನೆಗೆ ಹೊತ್ತುಕೊಂಡು ಹೋಗಬೇಕು.

"ನಾನು ಹಗ್ಗದ ಹತ್ರ ಯಾವತ್ತೂ ನಿಂತೋನಲ್ಲಮ್ಮ" ಎಂದರು ಮಾವ, ಎಲ್ಲರೆದುರಿಗೇ. "ಇಷ್ಟು ದಿನ ಹೇಳಿದ್ದೆಲ್ಲ ನಾನೇ ಕಟ್ಟಿದ್ದು. ನನ್ನ ಡ್ಯೂಟಿ ಅಡುಗೆಮನೇಲಿ. ಆವತ್ತು ಬೆಳಿಗ್ಗೆ ನಿಮ್ಮಣ್ಣಂಗೆ ಕಾಫಿ ತಗೊಂಡು ಹೋಗಿದ್ದೆ. ಲೋಟ ಮುಟ್ಟಿ ನೋಡಿ, ಬಿಸಿ ಐತೆ, ಸ್ವಲ್ಪ ಆರ್ಲಿ ಅಂದ. ನಂಗೆ ಕೇಳಿಸಿದ್ದು ಅಷ್ಟೇ."

ಅವಳು ನಕ್ಕಳು. ನಗುತ್ತಲೇ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಚಿಕ್ಕೋನಾಗಿದ್ದಾಗ್ಲಿಂದ ಹಂಗೇ. ಬಿಸಿ ತಡೀತಿರ್ಲಿಲ್ಲ. ನಮ್ಮಮ್ಮ ಊದಿ ಊದಿ ಕೊಡೋಳು." ಕಡ್ಡಿಯನ್ನು ಮತ್ತೆ ಕೈಗೆತ್ತಿಕೊಂಡು ಕೇಳಿದಳು, "ಕುಡಿದ್ನಾ?"

"ಕುಡಿದ ಕಣಮ್ಮ. ಪೂರ್ತಿ ಕುಡಿದ."

ಅವಳು ಕೈಯಲ್ಲಿದ್ದ ಕಡ್ಡಿಯ ಸೊಪ್ಪನ್ನು ಬಿಡಿಸಿ ಮುಗಿಸಿ, ಬಸ್ಸಿಗೆ ಹೊತ್ತಾಯಿತೆಂದು ಎದ್ದಳು. ಉಳಿದವರೂ ಒಬ್ಬೊಬ್ಬರಾಗಿ ಹೊರಟರು. ಜಗಲಿಯಲ್ಲಿ ನಾವಿಬ್ಬರೇ ಆದಾಗ ನಾನು ಅಭ್ಯಾಸಬಲದಿಂದ ಕೆಣಕಲು ಬಾಯಿ ತೆರೆದೆ. ಮಾವ ನನ್ನತ್ತ ನೋಡಲಿಲ್ಲ.

"ಆರೋಷ್ಟರಲ್ಲಿ ಕರ್ಕೊಂಡು ಹೋದ್ರು" ಎಂದರು. "ತುಂಬಿದ ಲೋಟ ನಾನೇ ವಾಪಸ್ ತಂದೆ."