ಇಣುಕಿದವನಿಗೆ ಕೊಟ್ಟ ಉತ್ತರ

ಎಲೆಕ್ಟ್ರಾನಿಕ್ ಸಿಟಿಯವರ ಎದುರು ಆಡುವ ನಮ್ಮ ಗೋ ತಂಡದಲ್ಲಿ ಒಂದೇ ಸ್ಥಾನ ಉಳಿದಿತ್ತು. ಅದಕ್ಕಾಗಿ ಮಾರತ್ತಹಳ್ಳಿಯಲ್ಲಿ ನನಗೂ, ಕುತ್ತಿಗೆಯ ಐಡಿ ಕಾರ್ಡನ್ನೂ ತೆಗೆಯದೆ ಬಂದಿದ್ದ ಒಬ್ಬ ಎಂಜಿನಿಯರಿಗೂ ಪಂದ್ಯ. ಗೋ ಎಂದರೆ ಕಲ್ಲುಗಳನ್ನಿಟ್ಟು ಜಾಗ ಹಿಡಿಯುವ, ಎದುರಾಳಿಯ ಕಲ್ಲುಗಳನ್ನು ಸುತ್ತುವರಿದು ಕೊಲ್ಲುವ ಆಟ. ನನ್ನವು ಕಪ್ಪು, ಅವನವು ಬಿಳಿ.

ಆಟದ ನಡುವೆ ಅವನು ನನ್ನ ಕಲ್ಲುಗಳ ಸಂದಿಯ ಬಾಯಲ್ಲೇ ಒಂದು ಕಲ್ಲಿಟ್ಟು ಇಣುಕಿದ. ಒಳಗೆ ನುಗ್ಗಿದರೆ ನನ್ನ ಗುಂಪು ಎರಡು ತುಂಡಾಗಿ, ಆಟ ಮುಗಿದ ಹಾಗೆ.

"ಸಂದಿ ಮುಚ್ಬಿಡಿ ಆಂಟಿ, ಯೋಚ್ನೆ ಯಾಕೆ?" ಎಂದ.

ಎಲ್ಲರೂ ಮಾಡುವುದು ಅದನ್ನೇ. ಆದರೆ ಮುಚ್ಚಿದರೆ ನನ್ನ ಕಲ್ಲುಗಳು ಬಸ್ಸಿನ ಜನರಂತೆ ಒತ್ತಿಕೊಂಡು ನಿಲ್ಲುತ್ತಿದ್ದವು, ಅಷ್ಟೆ. ಸಂದಿಯ ಈಚೆ ನನ್ನ ಜೋಡಿ ಕಲ್ಲುಗಳಿದ್ದವು, ಆಚೆ ಒಂಟಿ ಕಲ್ಲು. ಆ ಒಂಟಿಗೆ ಜೊತೆ ಕೊಟ್ಟೆ. ಈಗ ನಡುವೆ ಎರಡು ಖಾಲಿ ಜಾಗಗಳ ಓಣಿ. ಅವನು ಒಂದಕ್ಕೆ ನುಗ್ಗಿದರೆ ನಾನು ಇನ್ನೊಂದರಲ್ಲಿ ಕೂಡಿಕೊಳ್ಳಬಹುದು. ಮೇಲಾಗಿ, ಹೊಸ ಕಲ್ಲು ಪಕ್ಕದ ಬಿಳಿ ಗುಂಪು ತಪ್ಪಿಸಿಕೊಳ್ಳುವ ದಾರಿಗೆ ಅಡ್ಡ ನಿಂತಿತ್ತು.

"ಬಾಗ್ಲು ತೆಗ್ದೇ ಬಿಟ್ರಲ್ಲ!" ಎನ್ನುತ್ತ ನುಗ್ಗಿದ.

ನಾನು ಪ್ರತಿ ಆಟವನ್ನೂ ಬರೆದಿಡುವವಳು. ಅವನ ನಡೆಯನ್ನು ನಿಧಾನವಾಗಿ ಬರೆದುಕೊಂಡು, ಆಮೇಲೆ ಇನ್ನೊಂದು ಜಾಗದಲ್ಲಿ ಕಲ್ಲಿಟ್ಟೆ.

ಅವನು ಬೋರ್ಡನ್ನೇ ದಿಟ್ಟಿಸಿ, "ಸಕ್ಕತ್ ಆಂಟಿ!" ಎಂದು ಜೋರಾಗಿ ನಕ್ಕ. ದಾರಿ ಸಿಗದ ಅವನ ಗುಂಪು ಸತ್ತಿತು. ತಂಡದ ಸ್ಥಾನ ನನ್ನದಾಯಿತು.

"ಎಲೆಕ್ಟ್ರಾನಿಕ್ ಸಿಟಿ ಪಂದ್ಯಕ್ಕೆ ನಾನೇ ಬೈಕಲ್ಲಿ ಕರ್ಕೊಂಡು ಹೋಗ್ತೀನಿ. ದಾರೀಲಿ ಇದನ್ನ ಹೇಳ್ಕೊಡಿ," ಎಂದ. ಸಂತೋಷದಲ್ಲಿ ಒಪ್ಪಿಬಿಟ್ಟೆ. ಹೆಲ್ಮೆಟ್ ಹಾಕಿಕೊಂಡು, ಔಟರ್ ರಿಂಗ್ ರೋಡಿನ ಹಾರ್ನುಗಳ ನಡುವೆ, ಅವನ ಬೆನ್ನಿಗೆ ಪಾಠ ಮಾಡುವುದು ಹೇಗೆ ಎಂಬ ಪ್ರಶ್ನೆ ಆಗ ಇಬ್ಬರಿಗೂ ಹೊಳೆಯಲಿಲ್ಲ.